ಮೊದಲು ಗ್ಯಾಪ್, ಆಮೇಲೆ ಟೈಮಿಂಗ್

ಹಳೆಯ ಪೆಟ್ರೋಲ್ ಕಾರುಗಳನ್ನು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಮಾತು ಬೇಗನೆ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರಿನ ಕಡೆಗೆ ತಿರುಗುತ್ತದೆ. ಗಾಡಿಗೆ ಪಿಕಪ್ ಇಲ್ಲ, ಐಡ್ಲಿಂಗ್ ನಿಲ್ಲುತ್ತಿಲ್ಲ, ಮೈಲೇಜ್ ಬಿದ್ದುಹೋಗಿದೆ, ಬಿಸಿಯಾದ ಮೇಲೆ ಮಿಸ್ಸಿಂಗ್ ಬರುತ್ತದೆ ಎಂಬ ಯಾವ ದೂರು ಬಂದರೂ ಎಲ್ಲರ ಕೈ ಮೊದಲು ಹೋಗುವುದು ಅದರಲ್ಲಿ ಪೆಟ್ರೋಲ್ ಹರಿಯುವ ಸಣ್ಣ ರಂಧ್ರದ ಜೆಟ್ಟಿಗೆ ಮತ್ತು ಮಿಕ್ಸ್ಚರ್ ಸ್ಕ್ರೂವಿಗೆ. ಇಂಥ ದೂರುಗಳಲ್ಲಿ ಹೆಚ್ಚಿನವು ಪ್ಲಗ್ಗುಗಳಿಗೆ ಸರದಿಯಂತೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಕೆಳಗೆ ಹುಟ್ಟಿರುತ್ತವೆ ಎಂಬುದು ನಾನು ನನ್ನ ಅಂಬಾಸಡರಿನೊಡನೆ ಕಳೆದ ವರ್ಷಗಳಲ್ಲಿ ಕಂಡುಕೊಂಡ ಸಂಗತಿ. ಅಲ್ಲಿರುವ ಎರಡು ಚಿಕ್ಕ ಲೋಹದ ತುದಿಗಳ, ಅಂದರೆ ಪಾಯಿಂಟ್‌ಗಳ, ನಡುವಿನ ಅಂತರ (ಗ್ಯಾಪ್) ಮತ್ತು ಆ ತುದಿಗಳು ಬೇರ್ಪಡುವ ಗಳಿಗೆ, ಇವೆರಡೂ ಸರಿಯಾಗಿವೆಯೆಂದು ಖಚಿತವಾಗುವವರೆಗೆ ಕಾರ್ಬ್ಯುರೇಟರನ್ನು ಮುಟ್ಟಬಾರದು. ಸಾಮಾನ್ಯವಾಗಿ ಇವೆರಡನ್ನು ಪಾಯಿಂಟ್ ಸೆಟ್ಟಿಂಗ್ ಒಂದು, ಟೈಮಿಂಗ್ ಇನ್ನೊಂದು ಎಂದು ಬೇರೆ ಬೇರೆ ಕೆಲಸಗಳಾಗಿ ಎಣಿಸಲಾಗುತ್ತದೆ. ಆದರೆ ಮೊದಲನೆಯದನ್ನು ಕದಲಿಸಿದರೆ ಎರಡನೆಯದು ತಾನಾಗಿಯೇ ಕದಲುತ್ತದೆ. ಹೀಗಾಗಿ ಈ ಕೆಲಸದಲ್ಲಿ ಕೈಚಳಕಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮಕ್ಕೇ ಹೆಚ್ಚು ಬೆಲೆ.

ನನ್ನದು 1970ರ ದಶಕದ ಮಾರ್ಕ್ 3 ಅಂಬಾಸಡರ್. ಅದರೊಳಗಿರುವುದು ಇಂಗ್ಲೆಂಡಿನ ಬಿಎಂಸಿ ಕಂಪನಿ ರೂಪಿಸಿದ 1489 ಸಿಸಿಯ ಬಿ-ಸರಣಿಯ ಎಂಜಿನ್. ಮಾರಿಸ್ ಆಕ್ಸ್‌ಫರ್ಡ್ ಸರಣಿ 3ರ ಆಧಾರದ ಮೇಲೆ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರಿನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ಅದೇ ಕುಟುಂಬದ ಎಂಜಿನ್ ಎಂಜಿಎ, ಎಂಜಿಬಿ ಎಂಬ ಹೆಸರುವಾಸಿ ಸ್ಪೋರ್ಟ್ಸ್ ಕಾರುಗಳಲ್ಲಿಯೂ ಇದ್ದುದರಿಂದ, ಅದರ ಬಗ್ಗೆ ಪ್ರಪಂಚದಾದ್ಯಂತ ಕೂಡಿಬಂದಿರುವ ತಿಳಿವಳಿಕೆ ನಮಗೂ ಉಪಯೋಗಕ್ಕೆ ಬರುತ್ತದೆ. ನಾನು ಇಲ್ಲಿ ಹೇಳುವ ಅಂಕಿಗಳು ಈ ಎಂಜಿನ್ನಿಗೂ ಅದರ ಲೂಕಾಸ್ ಡಿಸ್ಟ್ರಿಬ್ಯೂಟರಿಗೂ ಸಂಬಂಧಿಸಿದವು. ಪ್ರೀಮಿಯರ್ ಪದ್ಮಿನಿ ಅಥವಾ ಬೇರೆ ಕಾರು ಇಟ್ಟುಕೊಂಡವರು ತತ್ತ್ವವನ್ನು ಇಲ್ಲಿಂದ ತೆಗೆದುಕೊಂಡು ಅಂಕಿಗಳನ್ನು ತಮ್ಮ ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು.

ಪಾಯಿಂಟ್‌ಗಳಿಂದ ಕಿಡಿ ಹುಟ್ಟಿಸುವ ಈ ಇಗ್ನಿಷನ್ ವ್ಯವಸ್ಥೆಯ ಮೂಲ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಅವರದು. ಅವರ ಡೆಲ್ಕೊ ಸಂಸ್ಥೆಯ ಬ್ಯಾಟರಿ ಇಗ್ನಿಷನ್ ಪದ್ಧತಿಯನ್ನು ಕ್ಯಾಡಿಲಾಕ್ 1910ರ ಕಾರುಗಳಲ್ಲಿ ಅಳವಡಿಸಿಕೊಂಡಿತು. 1912ರ ಕ್ಯಾಡಿಲಾಕ್‌ನಲ್ಲಿ ಬಂದ ಸೆಲ್ಫ್ ಸ್ಟಾರ್ಟರೂ ಅವರದೇ. ಆ ಇಗ್ನಿಷನ್ ಪದ್ಧತಿ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಪ್ರಪಂಚದ ಬಹುಪಾಲು ಪೆಟ್ರೋಲ್ ಕಾರುಗಳನ್ನು ಓಡಿಸಿತೆಂದರೆ ಅದರ ಸರಳತೆಯೇ ಕಾರಣ. ಇಗ್ನಿಷನ್ ಕಾಯಿಲಿನಲ್ಲಿ ಎರಡು ಸುರುಳಿಗಳಿವೆ: ದಪ್ಪ ತಂತಿಯ ಕೆಲವು ನೂರು ಸುತ್ತುಗಳ ಪ್ರೈಮರಿ, ಕೂದಲಿನಂಥ ತಂತಿಯ ಸಾವಿರಾರು ಸುತ್ತುಗಳ ಸೆಕೆಂಡರಿ. ಪಾಯಿಂಟ್‌ಗಳು ಕೂಡಿರುವಾಗ ಬ್ಯಾಟರಿಯ ಕರೆಂಟ್ ಪ್ರೈಮರಿಯ ಮೂಲಕ ಹರಿದು ಅರ್ಥ್ (ಗಾಡಿಯ ಲೋಹದ ಮೈ) ಸೇರುತ್ತದೆ, ಮತ್ತು ಕಾಯಿಲಿನೊಳಗಿನ ಕಬ್ಬಿಣದ ತಿರುಳಿನ ಸುತ್ತ ಕಾಂತಕ್ಷೇತ್ರ ಬೆಳೆಯುತ್ತದೆ. ಪಾಯಿಂಟ್‌ಗಳು ತೆರೆದ ಕ್ಷಣ ಕರೆಂಟ್ ಕಡಿದುಹೋಗುತ್ತದೆ, ಕಾಂತಕ್ಷೇತ್ರ ಕುಸಿಯುತ್ತದೆ, ಆ ಕುಸಿತದಿಂದ ಸೆಕೆಂಡರಿಯಲ್ಲಿ ಹುಟ್ಟುವ ಸಾವಿರಾರು ವೋಲ್ಟುಗಳು ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರಿನ ದಾರಿಯಾಗಿ ಸರದಿಯಲ್ಲಿರುವ ಸಿಲಿಂಡರಿನ ಪ್ಲಗ್ಗಿಗೆ ಹೋಗಿ ಕಿಡಿಯಾಗುತ್ತವೆ. ಪಾಯಿಂಟ್‌ಗಳು ಕೂಡುವಾಗ ಕಿಡಿ ಹುಟ್ಟುವುದೆಂದು ತಿಳಿದವರು ಬಹಳ ಮಂದಿ ಇದ್ದಾರೆ. ಕಿಡಿ ಹುಟ್ಟುವುದು ತೆರೆಯುವಾಗ. ಇದೊಂದು ಮನಸ್ಸಿನಲ್ಲಿ ಗಟ್ಟಿಯಾದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ, ಏಕೆಂದರೆ ಟೈಮಿಂಗ್ ಎಂದರೆ ಆ ತೆರೆಯುವ ಗಳಿಗೆಯೇ ಹೊರತು ಬೇರೇನೂ ಇಲ್ಲ.

ಕಂಡೆನ್ಸರನ್ನು ಕುರಿತು ಇಲ್ಲಿಯೇ ಒಂದು ಮಾತು. ಕರೆಂಟ್ ಥಟ್ಟನೆ ನಿಂತರೆ ಮಾತ್ರ ಕಿಡಿಗೆ ಬಲವಿರುತ್ತದೆ, ಆದರೆ ಹರಿಯುತ್ತಿರುವ ಕರೆಂಟ್ ಅಷ್ಟು ಸುಲಭವಾಗಿ ನಿಲ್ಲಲು ಒಪ್ಪುವುದಿಲ್ಲ. ತೆರೆಯುತ್ತಿರುವ ಪಾಯಿಂಟ್‌ಗಳ ನಡುವೆಯೇ ಹಾರಲು ನೋಡುತ್ತದೆ. ಸುಮಾರು 0.2 ಮೈಕ್ರೊಫ್ಯಾರಡ್ಡಿನ ಆ ಪುಟ್ಟ ಕಂಡೆನ್ಸರ್ ಆ ಹೊತ್ತಿನಲ್ಲಿ ಕರೆಂಟನ್ನು ತನ್ನೊಳಗೆ ತೆಗೆದುಕೊಂಡು ಪಾಯಿಂಟ್‌ಗಳಿಗೆ ದೂರ ಸರಿಯಲು ಸಮಯ ಕೊಡುತ್ತದೆ. ಹೊಸ ಪಾಯಿಂಟ್‌ಗಳು ಸ್ವಲ್ಪ ದೂರ ಓಡುವಷ್ಟರಲ್ಲಿ ನೀಲಿಗಟ್ಟಿ ಸುಟ್ಟುಹೋದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಈ ಎಲ್ಲವೂ ನಡೆಯುವ ವೇಗವನ್ನು ಲೆಕ್ಕ ಹಾಕಿ ನೋಡಿದರೆ ಅಂತರದ ಮಹತ್ವ ತಿಳಿಯುತ್ತದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಡಿಸ್ಟ್ರಿಬ್ಯೂಟರ್ ಅದರ ಅರ್ಧ, ಅಂದರೆ 1500 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೆ ನಾಲ್ಕು ಕಿಡಿಗಳು ಬೇಕು. ಹಾಗಾಗಿ ಪಾಯಿಂಟ್‌ಗಳು ಸೆಕೆಂಡಿಗೆ 100 ಬಾರಿ ಕೂಡಿ ತೆರೆಯಬೇಕು. ಒಂದೊಂದು ಕಿಡಿಯ ಪಾಲಿಗೆ ಬರುವುದು ಸೆಕೆಂಡಿನ ನೂರನೆಯ ಒಂದು ಭಾಗ. ಅದರಲ್ಲಿ ಮೂರನೆಯ ಎರಡು ಪಾಲು ಪಾಯಿಂಟ್‌ಗಳು ಕೂಡಿರಬೇಕು, ಉಳಿದ ಪಾಲು ತೆರೆದಿರಬೇಕು. ಅಂತರ ಅಗತ್ಯಕ್ಕಿಂತ ಹೆಚ್ಚಾದರೆ ಕೂಡಿರುವ ಹೊತ್ತು ಕಡಿಮೆಯಾಗಿ, ಕಾಯಿಲ್ ತುಂಬಿಕೊಳ್ಳುವ ಮುನ್ನವೇ ಖಾಲಿಯಾಗಬೇಕಾಗುತ್ತದೆ, ಮತ್ತು ವೇಗ ಏರಿದಂತೆ ಕಿಡಿ ಸೊರಗುತ್ತದೆ. ಅಂತರ ತೀರಾ ಕಡಿಮೆಯಾದರೆ ಕಂಡೆನ್ಸರ್ ಇದ್ದರೂ ಪಾಯಿಂಟ್‌ಗಳ ನಡುವೆ ಕರೆಂಟ್ ಹಾರುತ್ತದೆ, ತುದಿಗಳು ಸುಡುತ್ತವೆ. ಈ ಎರಡರ ನಡುವೆ ಲೂಕಾಸ್ ಹೇಳುವ ಅಂತರ 0.014ರಿಂದ 0.016 ಇಂಚು. ಗ್ಯಾರೇಜಿನ ಮಾತಿನಲ್ಲಿ ಹದಿನೈದು ಥೌ, ಅಂದರೆ ಇಂಚಿನ ಸಾವಿರದ ಹದಿನೈದು ಪಾಲು. ಮಿಲಿಮೀಟರಿನಲ್ಲಿ 0.36ರಿಂದ 0.40.

ಮುಚ್ಚಳದ ಎರಡೂ ಕ್ಲಿಪ್ಪುಗಳನ್ನು ಬಿಡಿಸಿ ಪಕ್ಕಕ್ಕಿಟ್ಟ ಮೇಲೆ ನಾನು ಉಪಕರಣಕ್ಕೆ ಕೈ ಹಾಕುವ ಮೊದಲು ಟಾರ್ಚ್ ಹಿಡಿದು ನಿಧಾನವಾಗಿ ನೋಡುತ್ತೇನೆ. ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಿಂದ ಎಳೆದಂಥ ತೆಳ್ಳನೆಯ ಕಪ್ಪು ಗೆರೆ ಕಂಡರೆ ಅದು ಬಿರುಕು, ಕರೆಂಟ್ ಅದರ ಮೇಲೆ ಹರಿದು ತಪ್ಪುದಾರಿ ಹಿಡಿಯುತ್ತಿದೆ ಎಂದು ಅರ್ಥ. ಮಳೆಗಾಲದ ಮುಂಜಾನೆ ಮಾತ್ರ ಸ್ಟಾರ್ಟ್ ಆಗದ ಗಾಡಿಗಳಲ್ಲಿ ಈ ಗೆರೆ ಹೆಚ್ಚಾಗಿ ಕಾಣಸಿಗುತ್ತದೆ. ನಡುವಿನ ಕಾರ್ಬನ್ ತುಂಡು ಸ್ಪ್ರಿಂಗಿನ ಮೇಲೆ ಸರಾಗವಾಗಿ ಒಳಹೊರಗೆ ಆಡಬೇಕು. ಆಮೇಲೆ ರೋಟರನ್ನು ಎಳೆದು ತೆಗೆದು ಪಾಯಿಂಟ್‌ಗಳನ್ನು ಬೆರಳಿನಿಂದ ಅಗಲಿಸಿ ನೋಡುತ್ತೇನೆ. ಬಹಳ ದಿನ ಓಡಿದ ಪಾಯಿಂಟ್‌ಗಳಲ್ಲಿ ಒಂದು ತುದಿಯ ಟಂಗ್‌ಸ್ಟನ್ ಇನ್ನೊಂದು ತುದಿಗೆ ಸಾಗಿ, ಒಂದೆಡೆ ಗುಳಿ, ಎದುರಿನಲ್ಲಿ ಸಣ್ಣ ಗುಬಟು ಎದ್ದಿರುತ್ತದೆ. ಬೂದುಬಣ್ಣದ ಸಮತಟ್ಟಾದ ಮುಖ ಆರೋಗ್ಯದ ಗುರುತು.

ಅಂತರವನ್ನು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜನ್ನು ಈ ಗುಬಟು ಮೋಸಗೊಳಿಸುತ್ತದೆ. ಫೀಲರಿನ ಚಪ್ಪಟೆ ಪಟ್ಟಿ ಗುಬಟಿನ ನೆತ್ತಿಗೆ ತಾಗಿ ಹದಿನೈದು ಥೌ ಎನ್ನುತ್ತದೆ, ಆದರೆ ಗುಬಟು ಎದುರಿನ ಗುಳಿಯೊಳಗೆ ಕೂರುವುದರಿಂದ ನಿಜವಾದ ಅಂತರ ಅದಕ್ಕಿಂತ ಹೆಚ್ಚಿರುತ್ತದೆ. ಆದ್ದರಿಂದ ಹಳೆಯ ಪಾಯಿಂಟ್‌ಗಳನ್ನು ಅಳೆಯುವ ಮೊದಲು ಸಣ್ಣ ಅರದಿಂದ ಅಥವಾ ಎಣ್ಣೆಗಲ್ಲಿನಿಂದ ಸಮ ಮಾಡಲೇಬೇಕು, ಇಲ್ಲವೇ ಬದಲಾಯಿಸಬೇಕು. ಎಮರಿ ಪೇಪರ್ ತುಂಡನ್ನು ಮಡಿಸಿ ನಡುವೆ ಎಳೆಯುವ ರೂಢಿ ಎಲ್ಲೆಡೆ ಇದೆ. ರಸ್ತೆಯ ಬದಿಯಲ್ಲಿ ನಿಂತಾಗ ಅದು ಸರಿ, ಮನೆಯಲ್ಲಿ ಅಲ್ಲ. ಎಮರಿಯ ಕಣಗಳು ಟಂಗ್‌ಸ್ಟನ್‌ನೊಳಗೆ ಹುದುಗಿ ಕರೆಂಟಿಗೆ ಅಡ್ಡವಾಗುತ್ತವೆ, ಮತ್ತೆ ಸುಡುವಿಕೆ ಅಲ್ಲಿಂದಲೇ ಶುರುವಾಗುತ್ತದೆ. ಸಮ ಮಾಡಿದ ಮೇಲೆ ಬಿಳಿಯ ಕಾಗದದ ಚೂರಿಗೆ ತುಸು ಪೆಟ್ರೋಲ್ ಹಚ್ಚಿ ಎರಡು ತುದಿಗಳ ನಡುವೆ ಎಳೆದರೆ ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಮೂಡುವುದು ನಿಲ್ಲುವವರೆಗೂ ಎಳೆಯಬೇಕು. ಹೊಸ ಪಾಯಿಂಟ್‌ಗಳ ಮೇಲೆಯೂ ತುಕ್ಕು ಹಿಡಿಯದಂತೆ ಎಣ್ಣೆಯ ಪೊರೆ ಹಚ್ಚಿರುವುದುಂಟು, ಅದನ್ನೂ ಹೀಗೆಯೇ ಒರೆಸಬೇಕು.

ಅಂತರ ಇಡುವಾಗ, ಚಲಿಸುವ ಪಾಯಿಂಟಿನ ತೋಳಿಗಿರುವ ಫೈಬರ್ ಹೀಲ್, ಡಿಸ್ಟ್ರಿಬ್ಯೂಟರ್ ಶಾಫ್ಟಿನ ಮೇಲೆ ತಿರುಗುತ್ತ ಅದನ್ನು ಎತ್ತುವ ಕ್ಯಾಮಿನ ಉಬ್ಬಿನ ನೆತ್ತಿಯ ಮೇಲೆಯೇ ಕೂತಿರಬೇಕು, ಅಂದರೆ ಪಾಯಿಂಟ್‌ಗಳು ಪೂರ್ತಿ ತೆರೆದಿರಬೇಕು. ಅಂಬಾಸಡರಿನ ಬಂಪರಿನಲ್ಲಿ ತೂರಿಸುವ ಸ್ಟಾರ್ಟಿಂಗ್ ಹ್ಯಾಂಡಲ್ ಈ ಕೆಲಸಕ್ಕೆ ದೊಡ್ಡ ವರ. ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿಟ್ಟರೆ ಒಂದೇ ಕೈಯಲ್ಲಿ ಎಂಜಿನ್ನನ್ನು ಕೂದಲೆಳೆಯಷ್ಟು ತಿರುಗಿಸಬಹುದು. ಇಗ್ನಿಷನ್ ಆಫ್ ಇರಲೇಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡಲನ್ನು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲಿಯೇ ಇರಬೇಕು, ಏಕೆಂದರೆ ಕಿಡಿ ಬೇಗನೆ ಹತ್ತಿ ಎಂಜಿನ್ ಹಿಂದಕ್ಕೆ ಒದೆದರೆ ಹ್ಯಾಂಡಲನ್ನು ಬಳಸಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ಸ್ಥಿರ ಪಾಯಿಂಟಿನ ತಟ್ಟೆಯ ಸ್ಕ್ರೂವನ್ನು ತುಸುವೇ ಸಡಿಲಿಸಿ, ತಟ್ಟೆಯ ಕಚ್ಚಿನಲ್ಲಿ ಸ್ಕ್ರೂಡ್ರೈವರ್ ತುದಿಯಿಟ್ಟು ತಿರುಗಿಸಿದರೆ ಅಂತರ ಬದಲಾಗುತ್ತದೆ. ಫೀಲರ್ ಪಟ್ಟಿ ಎರಡೂ ಮುಖಗಳನ್ನು ತಾಗಿ ಜಾರಬೇಕು, ಆದರೆ ಚಲಿಸುವ ತೋಳನ್ನು ತಳ್ಳಬಾರದು. ನಾನು ಪಟ್ಟಿಯನ್ನು ಎಳೆಯುವಾಗ ಕೈಯನ್ನು ನೋಡದೆ ತೋಳಿನ ಸ್ಪ್ರಿಂಗನ್ನೇ ನೋಡುತ್ತೇನೆ, ಅದು ಅಲುಗಿದರೆ ಅಂತರ ಸಾಲದು. ಸ್ಕ್ರೂವನ್ನು ಬಿಗಿ ಮಾಡುವಾಗ ತಟ್ಟೆ ಸರಿಯುವುದು ಸಹಜ, ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯದೆ ಮುಂದೆ ಹೋಗಬಾರದು. ನಾಲ್ಕೂ ಉಬ್ಬುಗಳ ಮೇಲೆ ಅಳೆದು ನೋಡುವುದು ಇನ್ನೂ ಒಳ್ಳೆಯದು. ಒಂದರಲ್ಲಿ ಹದಿನೈದು, ಇನ್ನೊಂದರಲ್ಲಿ ಹನ್ನೆರಡು ಬಂದರೆ ಶಾಫ್ಟಿನ ಬುಷ್ ಸವೆದು ಶಾಫ್ಟ್ ಅತ್ತಿತ್ತ ಆಡುತ್ತಿದೆ. ಆ ಡಿಸ್ಟ್ರಿಬ್ಯೂಟರಿಗೆ ಬುಷ್ ಹಾಕಿಸದೆ ಯಾವ ಸೆಟ್ಟಿಂಗೂ ನಿಲ್ಲುವುದಿಲ್ಲ. ಕೊನೆಗೆ ಕ್ಯಾಮಿಗೆ ಬೆರಳ ತುದಿಯಲ್ಲಿ ಒರೆಸಿದಷ್ಟು ಗ್ರೀಸ್, ರೋಟರ್ ಕೂರುವ ಜಾಗದ ಸ್ಕ್ರೂವಿನ ನೆತ್ತಿಗೆ ಒಂದೆರಡು ಹನಿ ಎಣ್ಣೆ. ಹೆಚ್ಚಾದರೆ ಅದೇ ಎಣ್ಣೆ ಸಿಡಿದು ಪಾಯಿಂಟ್‌ಗಳನ್ನು ಸೇರಿ ಕಪ್ಪಾಗಿಸುತ್ತದೆ.

ಇನ್ನು ಕ್ರಮದ ಪ್ರಶ್ನೆ. ಪಾಯಿಂಟ್‌ಗಳ ಅಂತರ ಹೆಚ್ಚಾದರೆ ಹೀಲ್ ಕ್ಯಾಮಿಗೆ ಹತ್ತಿರವಾಗುತ್ತದೆ, ಉಬ್ಬು ಬೇಗನೆ ಬಂದು ಅದನ್ನು ಎತ್ತುತ್ತದೆ, ಕಿಡಿ ಬೇಗನೆ ಹುಟ್ಟುತ್ತದೆ. ಅಂತರ ಕಡಿಮೆಯಾದರೆ ಇದಕ್ಕೆ ತದ್ವಿರುದ್ಧ. ಪಾಯಿಂಟ್‌ಗಳು ಕೂಡಿರುವ ಅವಧಿಯನ್ನು ಡಿಗ್ರಿಗಳಲ್ಲಿ ಹೇಳಿದರೆ ಅದಕ್ಕೆ ಡ್ವೆಲ್ ಎಂದು ಹೆಸರು. ನನ್ನ ಕಾರಿನಲ್ಲಿರುವ ಲೂಕಾಸ್ 25ಡಿ4 ಡಿಸ್ಟ್ರಿಬ್ಯೂಟರಿಗೆ ಅದು 60 ಡಿಗ್ರಿ, ಮೂರು ಡಿಗ್ರಿ ಆಚೀಚೆ. ಡ್ವೆಲ್ ಒಂದು ಡಿಗ್ರಿ ಬದಲಾದರೆ ಅದರಲ್ಲಿ ಅರ್ಧ ಪಾಲು ತೆರೆಯುವ ಕಡೆಗೆ, ಅರ್ಧ ಪಾಲು ಕೂಡುವ ಕಡೆಗೆ ಹಂಚಿಹೋಗುತ್ತದೆ. ಡಿಸ್ಟ್ರಿಬ್ಯೂಟರಿನ ಅರ್ಧ ಡಿಗ್ರಿ ಎಂದರೆ ಕ್ರ್ಯಾಂಕ್‌ಶಾಫ್ಟಿನ ಒಂದು ಡಿಗ್ರಿ. ಹೀಗೆ ಡ್ವೆಲ್‌ನ ಒಂದೊಂದು ಡಿಗ್ರಿಯೂ ಟೈಮಿಂಗನ್ನು ಒಂದೊಂದು ಡಿಗ್ರಿ ಸರಿಸುತ್ತದೆ. ಆದರೆ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಟೈಮಿಂಗ್ ಬದಲಿಸಿದರೆ ಅಂತರ ಕಿಂಚಿತ್ತೂ ಬದಲಾಗುವುದಿಲ್ಲ. ಒಂದು ಇನ್ನೊಂದನ್ನು ಕದಲಿಸುತ್ತದೆ, ಆದರೆ ಎರಡನೆಯದು ಮೊದಲನೆಯದನ್ನು ಕದಲಿಸುವುದಿಲ್ಲ. ನನಗೆ ಈ ಕೆಲಸ ಕಲಿಸಿದ ಮೈಸೂರಿನ ಹಿರಿಯ ಮೇಸ್ತ್ರಿಯೊಬ್ಬರು "ಗ್ಯಾಪ್ ನೋಡದೆ ಟೈಮಿಂಗ್ ಮುಟ್ಬೇಡಿ ಸಾರ್" ಎಂದಷ್ಟೇ ಹೇಳುತ್ತಿದ್ದರು. ಲೆಕ್ಕವನ್ನು ನಾನು ಆಮೇಲೆ ಹಾಕಿ ನೋಡಿದೆ. ಅವರ ಮಾತಿಗೆ ಅದರಿಂದ ಏನೂ ಸೇರಲಿಲ್ಲ.

ಟೈಮಿಂಗ್ ಯಾಕೆ ಬೇಕು ಎಂಬುದು ಬೆಂಕಿಯ ಸ್ವಭಾವದಲ್ಲಿದೆ. ಕಿಡಿ ಹತ್ತಿದ ತಕ್ಷಣ ಪೆಟ್ರೋಲ್-ಗಾಳಿಯ ಮಿಶ್ರಣ ಸ್ಫೋಟಿಸುವುದಿಲ್ಲ; ಜ್ವಾಲೆ ಪ್ಲಗ್ಗಿನ ತುದಿಯಿಂದ ಹೊರಟು ಸಿಲಿಂಡರನ್ನೆಲ್ಲ ಹರಡಬೇಕು, ಒತ್ತಡ ಏರಬೇಕು, ಆ ಒತ್ತಡ ತುತ್ತತುದಿ ಮುಟ್ಟುವಾಗ ಪಿಸ್ಟನ್ ಮೇಲಿನ ತುದಿಯನ್ನು ದಾಟಿ ಸುಮಾರು 15 ಡಿಗ್ರಿ ಕೆಳಗಿಳಿದಿರಬೇಕು. ಇದಕ್ಕೆ ಬೇಕಾಗುವುದು ಕೆಲವೇ ಮಿಲಿಸೆಕೆಂಡುಗಳು. ಆದರೆ ನಿಮಿಷಕ್ಕೆ 3000 ಸುತ್ತಿನಲ್ಲಿ ಒಂದು ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್‌ಶಾಫ್ಟ್ 18 ಡಿಗ್ರಿ ತಿರುಗಿಬಿಡುತ್ತದೆ, 800 ಸುತ್ತಿನ ಐಡ್ಲಿಂಗ್‌ನಲ್ಲಿ ಐದು ಡಿಗ್ರಿಯೂ ಇಲ್ಲ. ಅಂದಮೇಲೆ ವೇಗ ಹೆಚ್ಚಿದಂತೆ ಕಿಡಿ ಮುಂಚಿತವಾಗಿ ಹತ್ತಬೇಕು. ಫೋರ್ಡ್ ಮಾಡೆಲ್ ಟಿ ಕಾಲದಲ್ಲಿ ಚಾಲಕನೇ ಸ್ಟಿಯರಿಂಗಿನ ಕೆಳಗಿನ ಸನ್ನೆಯನ್ನು ಸರಿಸಿ ಇದನ್ನು ನೋಡಿಕೊಳ್ಳಬೇಕಾಗಿತ್ತು. ನಮ್ಮ ಡಿಸ್ಟ್ರಿಬ್ಯೂಟರಿನಲ್ಲಿ ಆ ಕೆಲಸವನ್ನು ತಟ್ಟೆಯ ಕೆಳಗಿನ ಎರಡು ತೂಕದ ತುಂಡುಗಳು ಮಾಡುತ್ತವೆ. ವೇಗ ಏರಿದಂತೆ ಅವು ಸ್ಪ್ರಿಂಗುಗಳನ್ನು ಹಿಗ್ಗಿಸಿಕೊಂಡು ಹೊರಚಾಚಿ ಕ್ಯಾಮನ್ನು ಮುಂದಕ್ಕೆ ತಿರುಗಿಸುತ್ತವೆ. ಪಕ್ಕದಲ್ಲಿರುವ ವ್ಯಾಕ್ಯೂಮ್ ಡಬ್ಬಿಯದು ಬೇರೆ ಕೆಲಸ. ಆ್ಯಕ್ಸಿಲರೇಟರನ್ನು ಸ್ವಲ್ಪವೇ ಒತ್ತಿ ಸಮತಟ್ಟಿನಲ್ಲಿ ಓಡುವಾಗ ಸಿಲಿಂಡರಿಗೆ ಹೋಗುವ ಮಿಶ್ರಣ ಕಡಿಮೆ, ಅದು ನಿಧಾನವಾಗಿ ಉರಿಯುತ್ತದೆ. ಆಗ ಈ ಡಬ್ಬಿಯೊಳಗಿನ ಡಯಾಫ್ರಮ್ ಪಾಯಿಂಟ್‌ಗಳ ತಟ್ಟೆಯನ್ನೇ ಎಳೆದು ಇನ್ನಷ್ಟು ಅಡ್ವಾನ್ಸ್ ಕೊಡುತ್ತದೆ, ಅಂದರೆ ಕಿಡಿಯನ್ನು ಇನ್ನೂ ಮುಂಚಿತವಾಗಿ ಹತ್ತಿಸುತ್ತದೆ. ಡಯಾಫ್ರಮ್ ಹರಿದಿದ್ದರೆ ಗಾಡಿ ಓಡುತ್ತದೆ, ಪೆಟ್ರೋಲ್ ಮಾತ್ರ ಹೆಚ್ಚು ಕುಡಿಯುತ್ತದೆ. ಅದರ ಕೊಳವೆಯನ್ನು ಬಾಯಿಂದ ಎಳೆದು ನಾಲಗೆಯ ತುದಿಯಿಂದ ಮುಚ್ಚಿ ನೋಡಿದರೆ ಹಿಡಿತ ನಿಲ್ಲುತ್ತದೋ ಇಲ್ಲವೋ ತಿಳಿಯುತ್ತದೆ.

ನಾವು ಕೈಯಿಂದ ಇಡುವುದು ಇವೆರಡಕ್ಕೂ ತಳಹದಿಯಾದ ಮೊದಲ ಬಿಂದುವನ್ನು. ರೇಡಿಯೇಟರಿನ ಕಡೆಯ ಸಿಲಿಂಡರ್ ಒಂದನೆಯದು, ಕಿಡಿಯ ಸರದಿ 1-3-4-2, ಮೇಲಿನಿಂದ ನೋಡಿದರೆ ರೋಟರ್ ತಿರುಗುವುದು ಅಪ್ರದಕ್ಷಿಣವಾಗಿ. ಕ್ರ್ಯಾಂಕ್ ಪುಲ್ಲಿಯಲ್ಲಿ ಒಂದು ಕಚ್ಚಿದೆ, ಟೈಮಿಂಗ್ ಕವರಿನ ಮೇಲೆ ಚೂಪಾದ ಮುಳ್ಳುಗಳಿವೆ. ಉದ್ದನೆಯದು ಟಾಪ್, ಅಂದರೆ ಪಿಸ್ಟನ್ ಮೇಲಿನ ತುದಿ ಮುಟ್ಟುವ ಬಿಂದು, ಉಳಿದವು ಅದಕ್ಕೆ 5 ಮತ್ತು 10 ಡಿಗ್ರಿ ಮೊದಲು. ನನ್ನ ಕಾರಿನಲ್ಲಿ ಇವು ಪುಲ್ಲಿಯ ಕೆಳಭಾಗದಲ್ಲಿರುವುದರಿಂದ ತಂತಿಯ ಬ್ರಷ್ಷಿನಿಂದ ಎಣ್ಣೆಯ ಕಿಟ್ಟವನ್ನು ಉಜ್ಜಿ, ಕಚ್ಚಿನೊಳಗೆ ಸೀಮೆಸುಣ್ಣ ತಿಕ್ಕಿದ ಮೇಲೆಯೇ ಕಣ್ಣಿಗೆ ಬೀಳುತ್ತವೆ. ಎಷ್ಟು ಡಿಗ್ರಿ ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಅದು ಕಂಪ್ರೆಷನ್ ಅನುಪಾತಕ್ಕೆ (ಸಿಲಿಂಡರಿನಲ್ಲಿ ಮಿಶ್ರಣವನ್ನು ಎಷ್ಟು ಪಟ್ಟು ಅದುಮಲಾಗುತ್ತದೆ ಎಂಬ ಲೆಕ್ಕಕ್ಕೆ) ತಕ್ಕಂತೆ ಬದಲಾಗುತ್ತದೆ, ಮತ್ತು ಹಳೆಯ ಅಂಬಾಸಡರುಗಳಲ್ಲಿ ಸಿಲಿಂಡರ್ ಹೆಡ್ ಬದಲಾಗಿರುವುದು ಅಪರೂಪವಲ್ಲ.

ಒಂದನೆಯ ಪ್ಲಗ್ಗಿನ ರಂಧ್ರದ ಮೇಲೆ ಬೆರಳಿಟ್ಟು ಹ್ಯಾಂಡಲ್ ತಿರುಗಿಸಿದರೆ ಕಂಪ್ರೆಷನ್ ಹೊಡೆತದಲ್ಲಿ ಗಾಳಿ ಬೆರಳನ್ನು ತಳ್ಳುತ್ತದೆ. ಅಲ್ಲಿಂದ ನಿಧಾನವಾಗಿ ಕಚ್ಚನ್ನು ಬೇಕಾದ ಗುರುತಿಗೆ ತರಬೇಕು. ಗುರುತು ದಾಟಿಹೋದರೆ ಹಿಂದಕ್ಕೆ ತಿರುಗಿಸಿ ಅಲ್ಲಿಗೇ ನಿಲ್ಲಿಸಬಾರದು. ಟೈಮಿಂಗ್ ಚೈನಿನ ಮತ್ತು ಡಿಸ್ಟ್ರಿಬ್ಯೂಟರ್ ಗೇರಿನ ಸಡಿಲವೆಲ್ಲ ಆಗ ಲೆಕ್ಕದೊಳಗೆ ಸೇರಿಬಿಡುತ್ತದೆ. ಸಾಕಷ್ಟು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು. ಈಗ ಸಣ್ಣ 12 ವೋಲ್ಟ್ ಬಲ್ಬಿನ ಒಂದು ತಂತಿಯನ್ನು ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಟರ್ಮಿನಲ್ಲಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಸಿಕ್ಕಿಸಿ ಇಗ್ನಿಷನ್ ಆನ್ ಮಾಡಿದರೆ, ಪಾಯಿಂಟ್‌ಗಳು ಕೂಡಿರುವಾಗ ಬಲ್ಬ್ ಆರಿರುತ್ತದೆ, ತೆರೆದೊಡನೆ ಹತ್ತುತ್ತದೆ. ಡಿಸ್ಟ್ರಿಬ್ಯೂಟರಿನ ಬುಡದ ಕ್ಲ್ಯಾಂಪನ್ನು ಸಡಿಲಿಸಿ, ಮೈಯನ್ನು ಮೊದಲು ರೋಟರ್ ತಿರುಗುವ ದಿಕ್ಕಿಗೆ ತಿರುಗಿಸಿ ಬಲ್ಬನ್ನು ಆರಿಸಿಕೊಂಡು, ಆಮೇಲೆ ಎದುರು ದಿಕ್ಕಿಗೆ ಕೂದಲೆಳೆಯಷ್ಟು ಸರಿಸುತ್ತ ಬಂದರೆ ಒಂದೆಡೆ ಬಲ್ಬ್ ಮಿಣುಕೆನ್ನುತ್ತದೆ. ಅಲ್ಲಿಗೇ ಕ್ಲ್ಯಾಂಪ್ ಬಿಗಿಯಬೇಕು. ಇಷ್ಟಾದ ಮೇಲೆ ಹ್ಯಾಂಡಲನ್ನು ಎರಡು ಸುತ್ತು ತಿರುಗಿಸಿ ಅದೇ ಗುರುತಿನಲ್ಲಿ ಬಲ್ಬ್ ಹತ್ತುತ್ತದೆಯೇ ಎಂದು ನೋಡುವುದು ನನ್ನ ರೂಢಿ. ಮೊದಲ ಸಲ ಕಂಡದ್ದನ್ನು ನಾನು ನಂಬುವುದಿಲ್ಲ. ಇಗ್ನಿಷನ್ ಆನ್ ಇಟ್ಟು ಪಾಯಿಂಟ್‌ಗಳನ್ನು ಕೂಡಿದಂತೆ ಬಹಳ ಹೊತ್ತು ಬಿಟ್ಟರೆ ಕಾಯಿಲ್ ಬಿಸಿಯೇರುತ್ತದೆ ಎಂಬುದನ್ನು ನೆನಪಿಡಬೇಕು.

ಪ್ರತಿ ಕಿಡಿಯೊಡನೆ ಮಿನುಗುವ ಸ್ಟ್ರೋಬ್ ಲೈಟ್ ಇರುವವರು ಎಂಜಿನ್ ಓಡುತ್ತಿರುವಾಗಲೇ ಒಂದನೆಯ ಪ್ಲಗ್ಗಿನ ವೈರಿಗೆ ಅದನ್ನು ಸಿಕ್ಕಿಸಿ ಪುಲ್ಲಿಯ ಗುರುತನ್ನು ನೋಡಬಹುದು. ವ್ಯಾಕ್ಯೂಮ್ ಕೊಳವೆಯನ್ನು ಕಳಚಿ ಕಾರ್ಬ್ಯುರೇಟರಿನ ಕಡೆಯ ಬಾಯಿಯನ್ನು ಮುಚ್ಚಬೇಕು. ಸ್ಟ್ರೋಬಿನ ನಿಜವಾದ ಪ್ರಯೋಜನ ಅಡ್ವಾನ್ಸ್ ತೂಕಗಳು ಜೀವಂತವಾಗಿವೆಯೇ ಎಂದು ಕಾಣಿಸಿಕೊಡುವುದರಲ್ಲಿದೆ. ವೇಗ ಏರಿಸಿದಾಗ ಸೀಮೆಸುಣ್ಣದ ಗುರುತು ಸರಾಗವಾಗಿ ಹಿಂದೆ ಸರಿಯಬೇಕು. ಅದು ಜಿಗಿಜಿಗಿದು ಓಡಿದರೆ ಶಾಫ್ಟ್ ಸಡಿಲವಾಗಿದೆ, ಕದಲದೇ ನಿಂತರೆ ತೂಕಗಳು ತುಕ್ಕಿನಲ್ಲಿ ಸಿಕ್ಕಿಕೊಂಡಿವೆ. ವರ್ಷಗಟ್ಟಲೆ ಶೆಡ್ಡಿನಲ್ಲಿ ನಿಂತ ಕಾರುಗಳಲ್ಲಿ ಈ ಎರಡನೆಯದು ತೀರಾ ಸಾಮಾನ್ಯ.

ಇಲ್ಲಿಯವರೆಗಿನದು ಪುಸ್ತಕದ ಅಂಕಿ. ಅಂಕಿ ಆರಂಭದ ಬಿಂದುವಷ್ಟೇ, ಕೊನೆಯ ತೀರ್ಮಾನ ರಸ್ತೆಯ ಮೇಲೆ ಆಗಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ. ಆ ಪುಸ್ತಕ ಬರೆದವರ ಕಾಲದ ಪೆಟ್ರೋಲ್ ಬೇರೆ. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಎಲ್ಲೆಡೆ ಸೀಸರಹಿತ ಪೆಟ್ರೋಲ್ ಬಂತು. ಈಗ ಬಂಕುಗಳಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆಸಿದ ಪೆಟ್ರೋಲ್ ಸಿಗುತ್ತಿದೆ. ಎಥನಾಲಿನ ಆಕ್ಟೇನ್ ಹೆಚ್ಚು, ಹಾಗಾಗಿ ನಾಕಿಂಗ್, ಅಂದರೆ ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ ಬಡಿಯುವುದು, ಕಡಿಮೆ. ಆದರೆ ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಅದೇ ಹಳೆಯ ಜೆಟ್ಟಿನಲ್ಲಿ ಹರಿದಾಗ ಮಿಶ್ರಣದಲ್ಲಿ ಗಾಳಿಯ ಪಾಲು ಹೆಚ್ಚಾದಂತಾಗಿ ಎಂಜಿನ್ ತಡವರಿಸುತ್ತದೆ. ಇದನ್ನು ಟೈಮಿಂಗ್ ತಿರುಗಿಸಿ ಸರಿಮಾಡಲು ಹೊರಡುವವರನ್ನು ಕಂಡಿದ್ದೇನೆ. ಅದು ಸರಿಯಾದ ದಾರಿಯಲ್ಲ. ಗ್ಯಾಪ್ ಮತ್ತು ಟೈಮಿಂಗ್ ಪುಸ್ತಕದಂತೆ ಇದ್ದು, ಪ್ಲಗ್ಗಿನ ಪಿಂಗಾಣಿ ತೀರಾ ಬೆಳ್ಳಗೆ ಕಂಡರೆ ಆಗ ಮಾತ್ರ ಕಾರ್ಬ್ಯುರೇಟರಿನ ಸರದಿ ಬರುತ್ತದೆ.

ಕರ್ನಾಟಕದಲ್ಲಿ ಗಾಡಿ ಓಡಿಸುವವರಿಗೆ ಎತ್ತರದ ಲೆಕ್ಕವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ಕಡಿಮೆ. ಸಿಲಿಂಡರಿಗೆ ತುಂಬುವ ಗಾಳಿ ಕಡಿಮೆಯಾದ್ದರಿಂದ ಎಂಜಿನ್ ಒಂದೆರಡು ಡಿಗ್ರಿ ಹೆಚ್ಚಿನ ಅಡ್ವಾನ್ಸನ್ನು ನಾಕಿಂಗ್ ಇಲ್ಲದೆ ತಾಳಿಕೊಳ್ಳುತ್ತದೆ, ಪಿಕಪ್ ಕೂಡ ಚುರುಕಾಗುತ್ತದೆ. ಇಲ್ಲಿ ಹೀಗೆ ಚೆನ್ನಾಗಿ ಹೊಂದಿಸಿದ ಗಾಡಿಯನ್ನು ಮಂಗಳೂರಿಗೆ ಒಯ್ದು, ಸೆಖೆಯ ಮಧ್ಯಾಹ್ನ ತುಂಬಿದ ಗಾಡಿಯಲ್ಲಿ ಚಾರ್ಮಾಡಿ ಘಾಟಿಯ ಬುಡದಿಂದ ಹತ್ತಿಸಲು ಹೊರಟರೆ ಅದೇ ಎಂಜಿನ್ ಡಬ್ಬಿಯಲ್ಲಿ ಕಲ್ಲು ಅಲುಗಾಡಿಸಿದಂತೆ ಸದ್ದು ಮಾಡುತ್ತದೆ. ಆ ಸದ್ದನ್ನು ಅಲಕ್ಷಿಸಿ ಆ್ಯಕ್ಸಿಲರೇಟರ್ ಒತ್ತಿದರೆ ಪಿಸ್ಟನ್ನಿನ ತಲೆಗೂ ಬೇರಿಂಗಿಗೂ ಪೆಟ್ಟು. 25ಡಿ4ರ ಪಕ್ಕದಲ್ಲಿ ಇಂಥ ಸಂದರ್ಭಕ್ಕೆಂದೇ ಗೀರುಗಳಿರುವ ಪುಟ್ಟ ನಟ್ಟೊಂದಿದೆ. ಅದರ ಬಳಿ ಎ ಮತ್ತು ಆರ್ ಅಕ್ಷರಗಳಿವೆ, ಎ ಅಡ್ವಾನ್ಸಿಗೆ, ಆರ್ ರಿಟಾರ್ಡಿಗೆ, ಅಂದರೆ ಕಿಡಿಯನ್ನು ತಡವಾಗಿಸಲು. ಅದನ್ನು ಬೆರಳಿನಲ್ಲಿ ತಿರುಗಿಸಿದರೆ ಕ್ಲಿಕ್ ಕ್ಲಿಕ್ ಎನ್ನುತ್ತದೆ, ಸುಮಾರು 11 ಕ್ಲಿಕ್ಕಿಗೆ ಒಂದು ಡಿಗ್ರಿ. ಸ್ಪ್ಯಾನರ್ ಬೇಕಿಲ್ಲ, ಕ್ಲ್ಯಾಂಪ್ ಬಿಚ್ಚಬೇಕಿಲ್ಲ. ಘಾಟಿಯ ಬುಡದಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿ, ಆರ್ ಕಡೆಗೆ ಇಪ್ಪತ್ತು ಕ್ಲಿಕ್ ತಿರುಗಿಸಿ ಮುಂದೆ ಹೋಗಬಹುದು. ಇಷ್ಟು ಉಪಯುಕ್ತವಾದ ನಟ್ಟು ಹಲವು ಗಾಡಿಗಳಲ್ಲಿ ಬಣ್ಣ ಬಳಿಸಿಕೊಂಡು, ಕಿಟ್ಟ ಹಿಡಿದು, ಯಾರ ಗಮನಕ್ಕೂ ಬಾರದೆ ಬಿಗಿದುಕೊಂಡಿರುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ರಸ್ತೆಯ ಪರೀಕ್ಷೆಯನ್ನು ನಾನು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮಾಡುತ್ತೇನೆ. ಟಾಪ್ ಗೇರಿನಲ್ಲಿ ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಸಣ್ಣ ಏರಿಗೆ ಬಂದು ಆ್ಯಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಒಂದೆರಡು ಸೆಕೆಂಡ್ ತೆಳುವಾದ ಕಿಣಿಕಿಣಿ ಕೇಳಿಸಿ, ವೇಗ ಹಿಡಿದೊಡನೆ ಅಡಗಬೇಕು. ಅಡಗದಿದ್ದರೆ ಕೆಲವು ಕ್ಲಿಕ್ ಹಿಂದಕ್ಕೆ. ಏನೂ ಕೇಳಿಸದೆ ಗಾಡಿ ಮಂಕಾಗಿ ಎಳೆದರೆ, ಸೈಲೆನ್ಸರಿನ ಸದ್ದು ದಪ್ಪನಾಗಿದ್ದರೆ, ಟೆಂಪರೇಚರ್ ಮುಳ್ಳು ಎಂದಿಗಿಂತ ಮೇಲಿದ್ದರೆ ಕೆಲವು ಕ್ಲಿಕ್ ಮುಂದಕ್ಕೆ.

ಸಾಮಾನಿನ ಪ್ರಶ್ನೆ ದಿನದಿನಕ್ಕೆ ಕಷ್ಟವಾಗುತ್ತಿದೆ. ಒಂದು ಕಾಲದಲ್ಲಿ ಮದ್ರಾಸಿನ ಪಾಡಿಯ ಲೂಕಾಸ್-ಟಿವಿಎಸ್ ಪಾಯಿಂಟ್‌ಗಳೂ ನಮ್ಮ ಆಡುಗೋಡಿಯ ಮೈಕೊ ಪ್ಲಗ್ಗುಗಳೂ ಯಾವ ಊರಿನ ಅಂಗಡಿಯಲ್ಲಿಯೂ ಸಿಗುತ್ತಿದ್ದವು. ಈಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೂ ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಪಾಯಿಂಟ್‌ಗಳೇ ಹೆಚ್ಚು. ಅವುಗಳ ಹೀಲ್ ಮೆತ್ತಗಿದ್ದು ಬೇಗನೆ ಸವೆಯುತ್ತದೆ, ಕಂಡೆನ್ಸರಿನ ಮೇಲಂತೂ ಭರವಸೆಯೇ ಇಲ್ಲ. ಹಾಗಾಗಿ ಮುಚ್ಚಳದೊಳಗೆ ಕೂರುವ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿಕೊಳ್ಳುವವರನ್ನು ನಾನು ತಪ್ಪೆನ್ನುವುದಿಲ್ಲ. ದಿನವೂ ಕಚೇರಿಗೆ ಹಳೆಯ ಗಾಡಿಯಲ್ಲೇ ಹೋಗುವವರಿಗೆ ಅದೇ ಒಳ್ಳೆಯದು ಎಂದೂ ಹೇಳುತ್ತೇನೆ: ಹೀಲ್ ಇಲ್ಲ, ಸವೆತ ಇಲ್ಲ, ಇಟ್ಟ ಟೈಮಿಂಗ್ ಇಟ್ಟಲ್ಲೇ ಇರುತ್ತದೆ. ನನ್ನ ಗಾಡಿಯಲ್ಲಿ ಪಾಯಿಂಟ್‌ಗಳನ್ನೇ ಉಳಿಸಿಕೊಂಡಿರುವುದಕ್ಕೆ ಕಾರಣ, ಅವು ಕೆಡುವ ರೀತಿ. ಪಾಯಿಂಟ್‌ಗಳು ಕೆಡುವ ಮುನ್ನ ವಾರಗಟ್ಟಲೆ ಸೂಚನೆ ಕೊಡುತ್ತವೆ; ಬೆಳಗಿನ ಸ್ಟಾರ್ಟಿಂಗ್ ತಡವಾಗುತ್ತದೆ, ಏರಿನಲ್ಲಿ ಶಕ್ತಿ ಸಾಲದೆನಿಸುತ್ತದೆ, ಮತ್ತು ಕೊನೆಗೆ ಸಕಲೇಶಪುರದಾಚೆ ಕಾಡಿನ ನಡುವೆ ನಿಂತರೂ ಒಂದು ಅರ, ಒಂದು ಸ್ಕ್ರೂಡ್ರೈವರ್ ಮತ್ತು ಕಾಗದದ ಚೂರು ಇದ್ದರೆ ಮನೆ ಸೇರಬಹುದು. ಎಲೆಕ್ಟ್ರಾನಿಕ್ ಕಿಟ್ ಯಾವ ಸೂಚನೆಯೂ ಇಲ್ಲದೆ ಒಮ್ಮೆಲೇ ನಿಲ್ಲುತ್ತದೆ. ಅದನ್ನು ಹಾಕಿಸಿಕೊಂಡವರು ಚೆನ್ನಾಗಿ ಸೆಟ್ ಮಾಡಿದ ಹಳೆಯ ತಟ್ಟೆ, ಪಾಯಿಂಟ್ ಮತ್ತು ಕಂಡೆನ್ಸರುಗಳನ್ನು ಒಂದು ಡಬ್ಬಿಯಲ್ಲಿ ಡಿಕ್ಕಿಯೊಳಗೆ ಇಟ್ಟುಕೊಳ್ಳಲಿ.

ಹೊಸ ಪಾಯಿಂಟ್ ಹಾಕಿಸಿದವರು ಇನ್ನೊಂದು ಕೆಲಸವನ್ನು ಮರೆಯಬಾರದು. ಹೊಸ ಹೀಲ್ ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ಕ್ಯಾಮಿನ ಆಕಾರಕ್ಕೆ ಒಗ್ಗಿಕೊಳ್ಳುತ್ತ ಬೇಗನೆ ಸವೆಯುತ್ತದೆ, ಅಂತರ ಕುಗ್ಗುತ್ತದೆ, ಟೈಮಿಂಗ್ ತಾನಾಗಿಯೇ ಹಿಂದೆ ಬೀಳುತ್ತದೆ. ಗಾಡಿ ಚೆನ್ನಾಗಿಯೇ ಓಡುತ್ತಿದೆಯೆಂದು ಅನಿಸಿದರೂ ಸುಮಾರು 500 ಕಿಲೋಮೀಟರ್ ಆದ ಮೇಲೆ ಮುಚ್ಚಳ ತೆಗೆದು ಫೀಲರ್ ಹಾಕಿ ನೋಡಬೇಕು. ಹದಿನೈದಿದ್ದದ್ದು ಹನ್ನೆರಡಾಗಿದ್ದರೆ ಮತ್ತೆ ಹದಿನೈದಕ್ಕೆ ತಂದು, ಬಲ್ಬನ್ನು ಮತ್ತೊಮ್ಮೆ ಸಿಕ್ಕಿಸಬೇಕು. ಅಲ್ಲಿಂದಾಚೆಗೆ ಸವೆತ ನಿಧಾನವಾಗುತ್ತದೆ. ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಒಮ್ಮೆ ನೋಡಿದರೆ ಸಾಕು.